ನ್ಯಾಯಸಭೆಯಿಂದ ಬಂದ ‘ಥಿಂಗ್’

ನನ್ನ ಹತ್ತಿರ ಜರ್ಮನ್ ಕಲಿಯಲು ಬರುವವರು ‘ಡಿಂಗ್’ ಪದ ಸಿಕ್ಕಿದ ಕೂಡಲೇ, ಇಂಗ್ಲಿಷಿನ ಥಿಂಗ್ ತಾನೇ ಅಂತ ‘ವಸ್ತು’ ಎಂದು ಬರೆದುಕೊಳ್ಳುತ್ತಾರೆ. ಸರಿಯೇ. ಆದರೆ ಪೇಪರ್ ಓದಲು ಶುರು ಮಾಡಿದಾಗ ತಲೆಕೆಡುತ್ತದೆ. ಪೊಲೀಸರು ಕಳ್ಳನನ್ನು ‘ಡಿಂಗ್‌ಫೆಸ್ಟ್’ ಮಾಡಿದರು ಅಂತ ಸುದ್ದಿ ಇರುತ್ತದೆ. ಫೆಸ್ಟ್ ಅಂದರೆ ಗಟ್ಟಿ, ಬಿಗಿ. ಕಳ್ಳನನ್ನು ‘ವಸ್ತು-ಬಿಗಿ’ ಮಾಡೋದು ಅಂದರೇನು? ಏನಿಲ್ಲ, ಅರೆಸ್ಟ್ ಮಾಡಿದರು ಅಂತ ಅಷ್ಟೇ.

ಇಲ್ಲಿರುವ ಡಿಂಗ್ ಹಳೆಯ ಕಾಲದ ನ್ಯಾಯಸಭೆ. ಆರೋಪಿ ಆ ಸಭೆಗೆ ತಪ್ಪಿಸಿಕೊಳ್ಳದಂತೆ ಹಿಡಿದಿಡುವುದೇ ಡಿಂಗ್‌ಫೆಸ್ಟ್.

ಸಭೆ ಅನ್ನುವ ಅರ್ಥವೇ ಹಳೆಯದು. ಐಸ್‌ಲ್ಯಾಂಡಿನ ಸಂಸತ್ತಿನ ಹೆಸರು ಇವತ್ತಿಗೂ ‘ಆಲ್‌ಥಿಂಗ್’, ಅಂದರೆ ಎಲ್ಲರ ಸಭೆ. ಕ್ರಿ.ಶ. 930ರಲ್ಲಿ ಥಿಂಗ್‌ವೆಟ್ಲಿರ್ ಬಯಲಿನಲ್ಲಿ ಅದು ಶುರುವಾಯಿತು. ಆಗ ಕಾನೂನು ಬರಹದಲ್ಲಿರಲಿಲ್ಲ. ಅದನ್ನು ಬಾಯಿಪಾಠ ಮಾಡಿದ ಒಬ್ಬ ಅಧಿಕಾರಿ ಬಂಡೆಯ ಮೇಲೆ ನಿಂತು ವರ್ಷಕ್ಕೆ ಮೂರನೇ ಒಂದು ಭಾಗ ಹೇಳುತ್ತಿದ್ದ. ಅವನ ಅವಧಿ ಮೂರು ವರ್ಷ, ಅಷ್ಟರಲ್ಲಿ ಪೂರ್ತಿ ಮುಗಿಯುತ್ತಿತ್ತು. ನಾರ್ವೆಯ ಸಂಸತ್ತು ಸ್ಟೋರ್ಟಿಂಗ್, ಡೆನ್ಮಾರ್ಕಿನದು ಫೋಲ್ಕೆಟಿಂಗ್. ಸ್ವೀಡನ್ನಿನಲ್ಲಿ ಕೆಳಹಂತದ ಕೋರ್ಟಿಗೆ ‘ಟಿಂಗ್ಸ್‌ರೆಟ್’ ಅನ್ನುತ್ತಾರೆ.

ಸಭೆ ವಸ್ತು ಆಗಿದ್ದು ಹೇಗೆ? ಮೊದಲು ಸಭೆ, ಆಮೇಲೆ ಸಭೆಯ ಮುಂದೆ ಬಂದ ವ್ಯಾಜ್ಯ, ಆಮೇಲೆ ಯಾವುದೇ ವಿಷಯ, ಕೊನೆಗೆ ಕೈಗೆ ಸಿಗುವ ಯಾವುದೇ ಸಾಮಾನು. ಇದೇನು ಅಪರೂಪವಲ್ಲ. ನಮ್ಮ ‘ಸಂಗತಿ’ಯೂ ಸಂಸ್ಕೃತದಲ್ಲಿ ಒಟ್ಟು ಸೇರುವುದೇ ಅಲ್ವಾ?

ನನಗೆ ಜಾಸ್ತಿ ಇಷ್ಟವಾಗುವುದು ಇದರ ಕ್ರಿಯಾಪದ ‘ಡಿಂಗೆನ್’. ಮೊದಲು ಸಭೆಯಲ್ಲಿ ವಾದಿಸು, ಮುಂದೆ ಚೌಕಾಸಿ ಮಾಡು, ಕೊನೆಗೆ ಕೂಲಿ ಗೊತ್ತುಮಾಡಿ ಕೆಲಸಕ್ಕೆ ಇಟ್ಟುಕೋ. ಈಗ ಅದು ಹೆಚ್ಚಾಗಿ ಉಳಿದಿರುವುದು ‘ಗೆಡುಂಗೆನರ್ ಮ್ಯೋರ್ಡರ್’ ಅನ್ನುವ ಮಾತಿನಲ್ಲಿ. ನಮ್ಮ ಪೇಪರಿನವರ ಭಾಷೆಯಲ್ಲಿ, ಸುಪಾರಿ ಹಂತಕ. ಕರಾರು ಪತ್ರಗಳಲ್ಲಿ ಸಾಲುಸಾಲಾಗಿ ಬರುವ ‘ಬೆಡಿಂಗುಂಗ್’, ಅಂದರೆ ಷರತ್ತು, ಇದೇ ಮನೆಯದು.

ಮಂಗಳವಾರಕ್ಕೆ ಜರ್ಮನ್ನರು ‘ಡೀನ್ಸ್‌ಟಾಗ್’ ಅನ್ನುತ್ತಾರೆ. ಡೀನ್ಸ್ಟ್ ಅಂದರೆ ಸೇವೆ, ಹಾಗಾಗಿ ಸೇವೆಯ ದಿನ ಅಂತ ಸುಮ್ನೆ ಊಹಿಸುವವರಿದ್ದಾರೆ. ಅದಲ್ಲ. ಉತ್ತರ ಇಂಗ್ಲೆಂಡಿನ ಹೇಡ್ರಿಯನ್ ಗೋಡೆಯ ಹತ್ತಿರ ರೋಮನ್ ಸೈನ್ಯದ ಜರ್ಮಾನಿಕ್ ಸೈನಿಕರು ಕೆತ್ತಿಸಿದ ಕಲ್ಲೊಂದು ಸಿಕ್ಕಿದೆ. ಅದರಲ್ಲಿ ‘ಮಾರ್ಸ್ ಥಿಂಗ್ಸಸ್’ ಅನ್ನುವ ದೇವರಿದ್ದಾನೆ, ಸಭೆಯನ್ನು ಕಾಯುವ ಮಾರ್ಸ್. ದಿನದ ಹೆಸರು ಬಂದದ್ದು ಅವನಿಂದ ಅನ್ನುವುದು ಬಹುತೇಕ ವಿದ್ವಾಂಸರ ಮಾತು. ಮಾರ್ಸ್ ಅಂದರೆ ಮಂಗಳ ಗ್ರಹವೂ ಹೌದು, ವಾರ ಅದೇ.