ಹಣ್ಣಿನ ಲೆದರ್ ಅಂತಾರಲ್ಲ, ಒಳಗೆ ಏನಿದೆ?

ಪ್ರಶ್ನೆ: ಸೇಬಿನ ಲೆದರ್, ಅನಾನಸ್ ಲೆದರ್ ಅಂತ ಬ್ಯಾಗ್ ಮಾರ್ತಾರೆ. ನಿಜಕ್ಕೂ ಹಣ್ಣಿನ ಕಸದಿಂದ ಮಾಡಿದ್ದಾ, ಇಲ್ಲಾ ಇದೂ ರೆಕ್ಸಿನ್ನೇನಾ?

ಕಸ ಇರೋದು ನಿಜ. ಆದ್ರೆ ಹೆಚ್ಚಿನವುಗಳಲ್ಲಿ ರೆಕ್ಸಿನ್ನೂ ಇದೆ.

ಸೇಬಿನದ್ದನ್ನೇ ತಗೊಳ್ಳಿ. ಇಟಲಿಯ ಸೌತ್ ಟಿರೋಲ್ ಕಡೆ ಜ್ಯೂಸ್ ಹಿಂಡಿ ಉಳಿದ ಹಿಪ್ಪೆಯನ್ನು ಒಣಗಿಸಿ, ನುಣ್ಣಗೆ ಪುಡಿ ಮಾಡಿ, ಪಾಲಿಯುರೆಥೇನ್ ಅನ್ನೋ ಪ್ಲಾಸ್ಟಿಕ್ ಜೊತೆ ಕಲಸಿ ಬಟ್ಟೆಯ ಮೇಲೆ ಬಳಿಯುತ್ತಾರೆ. ಪ್ಲಾಸ್ಟಿಕ್ ಯಾಕೆ ಬೇಕು? ದನದ ಚರ್ಮದಲ್ಲಿ ಕೊಲಾಜನ್ ಅನ್ನೋ ಪ್ರೋಟೀನ್ ಎಳೆಗಳು ಅಡ್ಡ, ಉದ್ದ, ಮೇಲೆ, ಕೆಳಗೆ ಅಂತ ಎಲ್ಲ ಕಡೆಗೂ ಹೆಣೆದುಕೊಂಡಿರುತ್ತವೆ, ಅದಕ್ಕೇ ಅದು ಸುಲಭಕ್ಕೆ ಹರಿಯಲ್ಲ. ಹಿಪ್ಪೆಯ ಪುಡಿಗೆ ಆ ಹೆಣಿಗೆ ಎಲ್ಲಿಂದ ಬರಬೇಕು?

ಅನಾನಸ್‌ನದ್ದು ಸ್ವಲ್ಪ ವಾಸಿ. ಪಿನ್ಯಾಟೆಕ್ಸ್ ಅಂತ ಹೆಸರು. ಫಿಲಿಪೈನ್ಸ್‌ನಲ್ಲಿ ಹಣ್ಣು ಕೊಯ್ದ ಮೇಲೆ ಉಳಿಯುವ ಎಲೆಯಿಂದ ನಾರು ತೆಗೆಯುತ್ತಾರೆ, ಒಂದು ಚದರ ಮೀಟರಿಗೆ ಸುಮಾರು 480 ಎಲೆ ಬೇಕು. ನಾರಿನ ಜೊತೆ ಮೆಕ್ಕೆಜೋಳದಿಂದ ಮಾಡಿದ ಪಿಎಲ್ಎ ಅನ್ನೋ ಪ್ಲಾಸ್ಟಿಕ್ ಸೇರಿಸಿ ಹಾಸು ಮಾಡುತ್ತಾರೆ. ಆದ್ರೆ ನೀರು ತಡೆಯೋಕೆ ಮೇಲೊಂದು ಲೇಪ ಬೇಕೇ ಬೇಕು, ಅಲ್ಲಿ ಮತ್ತೆ ಪಾಲಿಯುರೆಥೇನ್ ಬರುತ್ತೆ. ಜರ್ಮನಿಯಲ್ಲಿ ಚರ್ಮ, ಪ್ಲಾಸ್ಟಿಕ್ ಬಗ್ಗೆ ಸಂಶೋಧನೆ ಮಾಡುವ ಫಿಲ್ಕ್ ಸಂಸ್ಥೆಯವರು 2021ರಲ್ಲಿ ಇಂಥ ಹಲವು ಸರಕುಗಳನ್ನು ಪರೀಕ್ಷೆ ಮಾಡಿದ್ರು. ಚರ್ಮದ ಎಲ್ಲ ಗುಣಗಳನ್ನೂ ಸರಿಗಟ್ಟಿದ್ದು ಒಂದೂ ಇರಲಿಲ್ಲ. ಹಾಗಾಗಿ ಕೊಳ್ಳುವಾಗ ಯಾವ ಹಣ್ಣು ಅಂತ ಕೇಳೋದಕ್ಕಿಂತ ಮೇಲಿನ ಲೇಪ ಯಾವುದು, ಅಡಿಯ ಬಟ್ಟೆ ಯಾವುದು ಅಂತ ಕೇಳಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾಗಿದ್ದು ಕೇರಳದ 'ಮಲೈ'. ಬಲಿತ ತೆಂಗಿನಕಾಯಿ ಒಡೆದಾಗ ಸುಮ್ನೆ ಚೆಲ್ಲಿಹೋಗುವ ನೀರನ್ನು ತಂದು, ಕುದಿಸಿ, ಬ್ಯಾಕ್ಟೀರಿಯಾ ಬಿಟ್ಟು ಎರಡು ವಾರದ ಹತ್ತಿರ ಅಲುಗಾಡಿಸದೆ ಇಡುತ್ತಾರೆ. ಆ ಬ್ಯಾಕ್ಟೀರಿಯಾ ನೀರಿನಲ್ಲಿರುವ ಸಕ್ಕರೆ ತಿಂದು ಸೆಲ್ಯುಲೋಸ್ (ಹತ್ತಿ, ನಾರುಗಳಲ್ಲಿರುವ ವಸ್ತುವೇ) ಎಳೆ ಬಿಡುತ್ತಾ ಹೋಗುತ್ತೆ, ನೀರಿನ ಮೇಲೆ ಬಿಳಿ ಲೋಳೆಯ ದಪ್ಪ ಹಾಳೆ ಕಟ್ಟುತ್ತೆ. ಇದಕ್ಕೆ ಬಾಳೆ ನಾರು, ಕತ್ತಾಳೆ ನಾರು ಸೇರಿಸಿ ಹದ ಮಾಡುತ್ತಾರೆ. ಇಲ್ಲಿ ಎಳೆಗಳು ತಾವಾಗೇ ಹೆಣೆದುಕೊಳ್ಳುತ್ತವೆ, ಪ್ಲಾಸ್ಟಿಕ್ಕಿನ ಹಂಗು ಬೇಡ. ತೇವ ತಡೆಯುತ್ತೆ, ಆದ್ರೆ ಜೋರು ಮಳೆಯಲ್ಲಿ ಹೊತ್ತು ತಿರುಗೋ ಬ್ಯಾಗಲ್ಲ.

ಹಾಗಾದ್ರೆ ತಿಪಟೂರಲ್ಲಿ ಯಾಕಾಗಬಾರದು ಅಂತೀರಾ? ಉಂಡೆ ಕೊಬ್ಬರಿಗೆ ಕಾಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಇಡ್ತಾರೆ, ನೀರೆಲ್ಲ ಒಳಗೇ ಇಂಗಿ ಹೋಗುತ್ತೆ, ಚೆಲ್ಲೋದಕ್ಕೆ ಏನೂ ಉಳಿಯಲ್ಲ. ತೆಂಗಿನ ಪುಡಿ ಮಾಡುವ ಕಾರ್ಖಾನೆಗಳಲ್ಲಾದ್ರೆ ಹಸಿ ಕಾಯೇ ಒಡೀತಾರೆ. ಈ ಕೆಲಸಕ್ಕೆ ಕೈ ಹಾಕೋರು ಮೊದಲು ಹೋಗಿ ವಿಚಾರಿಸಬೇಕಾದ್ದು ಅಲ್ಲಿ.