ಬೇಡಿಕೆ ವಹಿಯಲ್ಲಿ ಖಾಲಿ ಉಳಿಯುವ ಕಾಲಂ

ನಗರಪಾಲಿಕೆಯೊಂದರ ವಾಣಿಜ್ಯ ಸಂಕೀರ್ಣದ ಬಾಡಿಗೆ ಬಾಕಿಯನ್ನು ಪರಿಶೀಲಿಸಲು ಕೆಲವು ವರ್ಷಗಳ ಹಿಂದೆ ಕಂದಾಯ ನಿರೀಕ್ಷಕರೊಬ್ಬರ ಜೊತೆ ಹೋಗಿದ್ದೆ. ಯಾವ ಮಳಿಗೆಯಿಂದ ಎಷ್ಟು ಬಾಡಿಗೆ ಬರಬೇಕೆಂದು ಬರೆದಿಡುವ, ನಮ್ಮ ಕೈಯಲ್ಲಿದ್ದ ಬೇಡಿಕೆ ವಹಿಯಲ್ಲಿ 14ನೇ ಮಳಿಗೆಯ ಎದುರು ಒಬ್ಬರ ಹೆಸರಿತ್ತು, ಮಳಿಗೆಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವರು ಬೇರೊಬ್ಬರು. ಅವರು ಏನನ್ನೂ ಮುಚ್ಚಿಡಲಿಲ್ಲ. ‘ನಾನು ಬಾಡಿಗೆ ಕೊಡೋದು ಅವರಿಗೆ ಸಾರ್. ಒಂದು ತಿಂಗಳೂ ತಪ್ಪಿಸಿಲ್ಲ. ಅವರು ಪಾಲಿಕೆಗೆ ಕಟ್ಟುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ’ ಎಂದರು. ಅವರು ಕೊಡುತ್ತಿದ್ದ ಒಳಬಾಡಿಗೆ ಪಾಲಿಕೆಗೆ ಬರಬೇಕಿದ್ದ ಬಾಡಿಗೆಯ ಹಲವು ಪಟ್ಟು ಇತ್ತು. ಕಚೇರಿಗೆ ಮರಳಿ ಕಡತ ತೆಗೆಸಿದಾಗ, 12 ವರ್ಷದ ಗುತ್ತಿಗೆಯ ಅವಧಿ ಮುಗಿದು ಬಹಳ ಕಾಲವಾಗಿತ್ತೆಂದು ತಿಳಿಯಿತು. ವಹಿಯಲ್ಲಿ ‘ಅವಧಿ ಮುಗಿಯುವ ದಿನಾಂಕ’ ಎಂಬ ಕಾಲಂ ಇತ್ತು. ಆ ಸಂಕೀರ್ಣದ ಒಂದು ಮಳಿಗೆಯ ಎದುರೂ ಅದನ್ನು ಯಾರೂ ತುಂಬಿರಲಿಲ್ಲ.

ನಗರ ಸ್ಥಳೀಯ ಸಂಸ್ಥೆಗಳ ಆಸ್ತಿ ವ್ಯವಹಾರಗಳಲ್ಲಿ ಕಾನೂನು ಸಲಹೆ ನೀಡುತ್ತ ಬಂದಿರುವ ನನಗೆ ಅನುಭವದಿಂದ ಮನವರಿಕೆಯಾಗಿರುವುದು ಇಷ್ಟು: ಹರಾಜಿನ ದಿನ ಎಲ್ಲರ ಕಣ್ಣೂ ಪಾಲಿಕೆಯ ಮೇಲಿರುವುದರಿಂದ ಅಂದು ಆಗುವ ನಷ್ಟ ಕಡಿಮೆ, ಹರಾಜು ಮುಗಿದು ಕಡತ ಕಪಾಟು ಸೇರಿದ ಮೇಲೆ, ಯಾರೂ ನೋಡದ ವರ್ಷಗಳಲ್ಲಿ ಆಗುವ ನಷ್ಟವೇ ಹೆಚ್ಚು.

ಹರಾಜಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮ 1976ರ ಪ್ರಕಾರ ಆಸ್ತಿಯ ಮೌಲ್ಯ ಮತ್ತು ಗುತ್ತಿಗೆಯ ಅವಧಿ ಹೆಚ್ಚಿದಂತೆ ಮಂಜೂರಾತಿ ನೀಡುವ ಅಧಿಕಾರ ಆಯುಕ್ತರಿಂದ ಪಾಲಿಕೆಗೆ, ಅಲ್ಲಿಂದ ಸರ್ಕಾರಕ್ಕೆ ಏರುತ್ತದೆ. ಯಾರ ಮಂಜೂರಾತಿ ಬೇಕೆಂಬುದನ್ನು ಪ್ರಕಟಣೆಗೆ ಮೊದಲೇ ಟಿಪ್ಪಣಿಯಲ್ಲಿ ಖಚಿತಪಡಿಸಿಕೊಂಡರೆ ಅರ್ಧ ತಕರಾರು ತಪ್ಪುತ್ತದೆ. ಪ್ರಕಟಣೆಯ ಷರತ್ತುಗಳು ಬಿಡ್ಡುದಾರರನ್ನು ಕಟ್ಟಿಹಾಕುವಷ್ಟೇ ಬಿಗಿಯಾಗಿ ಪಾಲಿಕೆಯನ್ನೂ ಕಟ್ಟಿಹಾಕುತ್ತವೆ. 1979ರ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ, ಬೊಂಬಾಯಿ ವಿಮಾನ ನಿಲ್ದಾಣದ ರೆಸ್ಟೋರೆಂಟ್ ಮತ್ತು ಉಪಾಹಾರ ಮಳಿಗೆಗಳ ಟೆಂಡರಿಗೆ ತಾನೇ ನಿಗದಿಪಡಿಸಿದ ಅನುಭವದ ಅರ್ಹತೆ ಇಲ್ಲದವರ ಬಿಡ್ಡನ್ನು, ಮೊತ್ತ ಹೆಚ್ಚಿದೆಯೆಂಬ ಕಾರಣಕ್ಕೆ, ವಿಮಾನ ನಿಲ್ದಾಣ ಪ್ರಾಧಿಕಾರವು ಒಪ್ಪಿಕೊಂಡಿತ್ತು. ತಾನು ಸಾರಿದ ಮಾನದಂಡವನ್ನು ತಾನೇ ಮೀರುವಂತಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಹೆಚ್ಚು ಹಣ ಬರುತ್ತದೆಯೆಂಬುದು ನಿಯಮ ಮುರಿಯಲು ಸಬೂಬಲ್ಲ ಎಂದು ಆಸ್ತಿ ವಿಭಾಗಕ್ಕೆ ಹೊಸದಾಗಿ ಬರುವ ಅಧಿಕಾರಿಗಳಿಗೆ ನಾನು ಮೊದಲು ಹೇಳುವುದು ಈ ಪ್ರಕರಣವನ್ನು ಮುಂದಿಟ್ಟುಕೊಂಡೇ.

ಅಸಲು ತೊಡಕು ಹರಾಜಾದ ಮಾರನೆಯ ದಿನ ಆರಂಭವಾಗುತ್ತದೆ. ಅತಿ ಹೆಚ್ಚು ಬಿಡ್ ಕೂಗಿದವರು ಠೇವಣಿ ಕಟ್ಟುತ್ತಾರೆ, ಬೀಗದ ಕೈ ಪಡೆಯುತ್ತಾರೆ, ವ್ಯಾಪಾರ ಶುರುವಾಗುತ್ತದೆ. ಕರಾರು ಪತ್ರ ಮಾತ್ರ ಛಾಪಾ ಕಾಗದದ ಮೇಲೆ ಟೈಪಾಗಿ, ನೋಟರಿಯ ಮುದ್ರೆ ಬಿದ್ದು, ನೋಂದಣಿಯಾಗದೆ ಕಡತದಲ್ಲೇ ಉಳಿಯುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕೆಂದು ಸ್ವತ್ತು ವರ್ಗಾವಣೆ ಅಧಿನಿಯಮ 1882ರ 107ನೇ ಪ್ರಕರಣ (ಸೆಕ್ಷನ್) ಹೇಳುತ್ತದೆ. ನೋಂದಣಿಯಾಗದ ಪತ್ರವನ್ನು ಅದರೊಳಗಿನ ಷರತ್ತುಗಳಿಗೆ ಸಾಕ್ಷ್ಯವಾಗಿ ಹಾಜರುಪಡಿಸಲು ನೋಂದಣಿ ಅಧಿನಿಯಮ 1908ರ 49ನೇ ಪ್ರಕರಣ ಅಡ್ಡಬರುತ್ತದೆ. ಹಾಗಾಗಿ ಹನ್ನೆರಡು ವರ್ಷದ ಗುತ್ತಿಗೆಯೆಂದು ಪಾಲಿಕೆ ನಂಬಿಕೊಂಡಿರುವುದು ಕಾನೂನಿನ ಕಣ್ಣಿನಲ್ಲಿ ತಿಂಗಳಿಂದ ತಿಂಗಳಿಗೆ ಸಾಗುವ ಬಾಡಿಗೆಯಷ್ಟೇ ಆಗಬಹುದು, ಬಾಡಿಗೆ ಹೆಚ್ಚಳದ ಷರತ್ತನ್ನು ಜಾರಿಗೆ ತರಲು ಹೊರಟಾಗ ತೋರಿಸಲು ಕೈಯಲ್ಲಿ ಪತ್ರವೇ ಇಲ್ಲದಂತಾಗಬಹುದು. ಬೀಗದ ಕೈಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಿಂದ ಹೊರಬಂದ ಮೇಲೆಯೇ ಕೊಡಬೇಕೆಂಬುದು ನನ್ನ ಸಲಹೆ. ಎರಡು ವಾರ ತಡವಾದರೂ ಚಿಂತೆಯಿಲ್ಲ.

ಹೆಚ್ಚಳದ ಷರತ್ತಿನ ಪ್ರಸ್ತಾಪ ಬಂದದ್ದರಿಂದ ಒಂದು ಲೆಕ್ಕವನ್ನು ಇಲ್ಲೇ ಮಾಡಿ ತೋರಿಸುತ್ತೇನೆ. ತಿಂಗಳಿಗೆ 4,000 ರೂಪಾಯಿಗೆ ಹರಾಜಾದ ಮಳಿಗೆಯೊಂದಿದೆ ಎಂದಿಟ್ಟುಕೊಳ್ಳೋಣ. ಮೂರು ವರ್ಷಕ್ಕೊಮ್ಮೆ ಶೇ 10ರಷ್ಟು ಏರಿಸುವ ಷರತ್ತಿದ್ದರೆ 12 ವರ್ಷಗಳಲ್ಲಿ ಬರುವ ಒಟ್ಟು ಬಾಡಿಗೆ 6,68,304 ರೂಪಾಯಿ. ಪ್ರತಿವರ್ಷ ಶೇ 5ರಂತೆ ಏರಿಸಿದರೆ ಅದು ಸುಮಾರು 7,64,000 ರೂಪಾಯಿ ಆಗುತ್ತದೆ. ಒಂದು ಮಳಿಗೆಗೆ 95,000 ರೂಪಾಯಿಗೂ ಮಿಕ್ಕ ವ್ಯತ್ಯಾಸ. ಅಂಥ 60 ಮಳಿಗೆಗಳ ಸಂಕೀರ್ಣದಲ್ಲಿ ಅದು 57 ಲಕ್ಷ ದಾಟುತ್ತದೆ. ವ್ಯಾಪಾರಿಗೂ ವರ್ಷ ವರ್ಷ ಸ್ವಲ್ಪ ಸ್ವಲ್ಪವೇ ಏರುವುದು ಮೂರು ವರ್ಷಕ್ಕೊಮ್ಮೆ ದಿಢೀರನೆ ಏರುವುದಕ್ಕಿಂತ ಹಗುರ. ಈ ಲೆಕ್ಕವನ್ನು ಕರಡು ಪತ್ರದ ಜೊತೆಗೇ ಸ್ಥಾಯಿ ಸಮಿತಿಯ ಮುಂದಿಡಬೇಕು.

ಇನ್ನು ಅವಧಿ ಮುಗಿಯುವ ದಿನಕ್ಕೆ ಬರೋಣ. ಅವಧಿ ಮುಗಿದ ಮೇಲೂ ಗುತ್ತಿಗೆದಾರರು ಮಳಿಗೆ ಬಿಡದೆ ಉಳಿದು, ಪಾಲಿಕೆಯು ಬಾಡಿಗೆಯನ್ನು ಸ್ವೀಕರಿಸಿದರೆ, ಅದೇ 1882ರ ಅಧಿನಿಯಮದ 116ನೇ ಪ್ರಕರಣದ ಪ್ರಕಾರ ಗುತ್ತಿಗೆ ಮುಂದುವರಿಯಿತೆಂಬ ವಾದಕ್ಕೆ ದಾರಿಯಾಗುತ್ತದೆ. ಈ ವಾದವನ್ನು ಹುಟ್ಟುಹಾಕುವುದು ಬಹುಪಾಲು ಕೌಂಟರಿನಲ್ಲಿ ಕುಳಿತ ಗುಮಾಸ್ತರ ರಶೀದಿ. ಅವರ ತಪ್ಪೇನೂ ಇಲ್ಲ. ಹಣ ತಂದವರಿಂದ ಹಣ ಪಡೆದು ರಶೀದಿ ಕೊಡುವುದು ಅವರ ಕೆಲಸ, ಅವಧಿ ಮುಗಿದ ಸಂಗತಿಯನ್ನು ಅವರಿಗೆ ತಿಳಿಸಿದವರು ಯಾರೂ ಇರುವುದಿಲ್ಲ. ಈಗ ಆನ್‌ಲೈನ್ ಪಾವತಿ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ಕಟ್ಟಿದ ಹಣಕ್ಕೂ ‘ಬಾಡಿಗೆ’ ಎಂಬ ಶೀರ್ಷಿಕೆಯಡಿ ರಶೀದಿ ತಾನಾಗಿಯೇ ಹೊರಬರುತ್ತದೆ. ಅವಧಿ ಮುಗಿದ ಮರುದಿನದಿಂದ ತಂತ್ರಾಂಶದಲ್ಲಿ ಆ ಮಳಿಗೆಯ ಶೀರ್ಷಿಕೆ ಬದಲಾಗಬೇಕು. ಬರುವ ಹಣವನ್ನು ‘ಪಾಲಿಕೆಯ ಹಕ್ಕಿಗೆ ಬಾಧಕವಾಗದಂತೆ, ಸ್ವಾಧೀನಾನುಭವದ ಪರಿಹಾರವಾಗಿ’ ಎಂದೇ ಜಮಾ ಮಾಡಬೇಕು. ಒಂದು ಸಾಲಿನ ಈ ಬದಲಾವಣೆಯಿಂದ ವರ್ಷಗಟ್ಟಲೆ ನಡೆಯಬಹುದಾದ ವ್ಯಾಜ್ಯ ನಿಂತದ್ದನ್ನು ನಾನು ಕಂಡಿದ್ದೇನೆ.

ಬಾಕಿ ವಸೂಲಿಯ ವಿಷಯದಲ್ಲಿ ಕಾಲ ಪಾಲಿಕೆಯ ಪರವಾಗಿಲ್ಲ. ‘ಸರ್ಕಾರಿ ಬಾಕಿ ಎಲ್ಲಿಗೆ ಹೋಗುತ್ತದೆ, ಎಂದಾದರೂ ಕಟ್ಟಲೇಬೇಕಲ್ಲ’ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಅದು ನಿಜವಲ್ಲ. ಪರಿಮಿತಿ ಅಧಿನಿಯಮ 1963ರಲ್ಲಿ ಬಾಡಿಗೆ ಬಾಕಿಯ ದಾವೆಗಿರುವ ಗಡುವು ಮೂರೇ ವರ್ಷ. ಗಡುವು ಮೀರಿದ ಬಾಕಿಯನ್ನು ಸಾರ್ವಜನಿಕ ಆವರಣಗಳ ಕಾನೂನಿನ (ಸರ್ಕಾರಿ ಕಟ್ಟಡಗಳಲ್ಲಿ ಅನಧಿಕೃತವಾಗಿ ಇರುವವರನ್ನು ತೆರವುಗೊಳಿಸುವ ಕಾನೂನಿನ) ಮೂಲಕ ವಸೂಲು ಮಾಡಬಹುದೆಂಬ ವಾದವನ್ನು ನವದೆಹಲಿ ಪುರಸಭೆಯು 1976ರಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟು ಸೋತಿತು. ಬೇಡಿಕೆ, ವಸೂಲಿ, ಬಾಕಿಯ ತಃಖ್ತೆಯಲ್ಲಿ ಹತ್ತು ಹದಿನೈದು ವರ್ಷಗಳ ಹಳೆಯ ಬಾಕಿ ದೊಡ್ಡ ಮೊತ್ತವಾಗಿ ಮುಂದಕ್ಕೆ ಸಾಗುತ್ತಿರುವುದನ್ನು ಕಂಡಾಗ, ಅದರಲ್ಲಿ ಎಷ್ಟು ಪಾಲು ಬರೀ ಕಾಗದದ ಮೇಲಿನ ಹಣವೆಂದು ಯೋಚಿಸಿ ಸಂಕಟವಾಗುತ್ತದೆ. ಆ ಹಣದಲ್ಲಿ ಒಂದು ಬಡಾವಣೆಗೆ ಚರಂಡಿ ಆಗಬಹುದಿತ್ತು. ಜಿಎಸ್‌ಟಿಯದೂ ಇಂಥದೇ ಕಥೆ: 2018ರ ಜನವರಿ 25ರಿಂದ, ಜಿಎಸ್‌ಟಿ ನೋಂದಣಿಯಿರುವ ಬಾಡಿಗೆದಾರರು ಸ್ಥಳೀಯ ಸಂಸ್ಥೆಯ ವಾಣಿಜ್ಯ ಬಾಡಿಗೆಯ ಮೇಲಿನ ತೆರಿಗೆಯನ್ನು ತಾವೇ ನೇರವಾಗಿ ಕಟ್ಟಬೇಕು, ನೋಂದಣಿ ಇಲ್ಲದವರಿಂದ ಪಾಲಿಕೆಯೇ ಸಂಗ್ರಹಿಸಬೇಕು. ಯಾರು ಯಾವ ಗುಂಪಿನವರೆಂದು ವಹಿಯಲ್ಲಿ ಬರೆದಿಡದಿದ್ದರೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಾಗ ತೆರಿಗೆಯೂ ಬಡ್ಡಿಯೂ ಪಾಲಿಕೆಯ ತಲೆಗೇ ಬರುತ್ತವೆ.

ಗಡುವಿನ ಮಾತು ಬಾಡಿಗೆಗಷ್ಟೇ ಸೀಮಿತವಲ್ಲ, ಜಾಗಕ್ಕೂ ಅನ್ವಯಿಸುತ್ತದೆ. ಒತ್ತುವರಿಯಾದ ಸಾರ್ವಜನಿಕ ರಸ್ತೆಯನ್ನು ಮರಳಿ ಪಡೆಯಲು ಸ್ಥಳೀಯ ಸಂಸ್ಥೆಗೆ 30 ವರ್ಷಗಳ ಅವಕಾಶವಿದೆ. ಅದೇ ಸಂಸ್ಥೆಯ ಖಾಲಿ ನಿವೇಶನಕ್ಕೆ ಆ ರಿಯಾಯಿತಿ ಇಲ್ಲ. ಸಾಮಾನ್ಯ ಮಾಲೀಕರಿಗಿರುವ 12 ವರ್ಷಗಳೇ ಅದಕ್ಕೂ ಅನ್ವಯಿಸುತ್ತವೆ. ಖಾಸಗಿ ಬಡಾವಣೆಯಾದಾಗ ಉದ್ಯಾನ ಮತ್ತು ರಸ್ತೆಯ ಜಾಗವನ್ನು ಅಭಿವೃದ್ಧಿದಾರರು ಹಕ್ಕು ಬಿಟ್ಟುಕೊಡುವ ಪತ್ರದ ಮೂಲಕ ಒಪ್ಪಿಸುತ್ತಾರೆ. ಆ ಪತ್ರವನ್ನು ಆಸ್ತಿ ವಹಿಗೆ ಏರಿಸಿ, ಚೆಕ್ಕುಬಂದಿ ಬರೆದು, ಸರ್ವೆ ಮಾಡಿಸಿ, ನಾಲ್ಕು ಮೂಲೆಗೆ ಕಲ್ಲು ನೆಡಿಸಿ ಫಲಕ ಹಾಕದಿದ್ದರೆ ಅದೇ ಜಾಗ ಮತ್ತೊಬ್ಬರ ಕ್ರಯಪತ್ರದಲ್ಲಿ ನಿವೇಶನವಾಗಿ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವು ಖಾಸಗಿ ನರ್ಸಿಂಗ್ ಹೋಮಿಗೆ ಹೋಗುವುದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ನ್ಯಾಯಾಲಯದ ಬಾಗಿಲು ತಟ್ಟಿದವರು ಅಲ್ಲಿನ ನಿವಾಸಿಗಳು. ಆ ಕೆಲಸವನ್ನು ನಿವಾಸಿಗಳು ಮಾಡಬೇಕಾಗಿ ಬಂದದ್ದು ಆಸ್ತಿ ನೋಡಿಕೊಳ್ಳುವ ನಮ್ಮಂಥವರಿಗೆ ಪಾಠವಾಗಬೇಕಿತ್ತು.

ತೆರವಿನ ವಿಷಯದಲ್ಲಿ ನನ್ನ ನಿಲುವು ಕೆಲವು ಅಧಿಕಾರಿಗಳಿಗೆ ಇಷ್ಟವಾಗುವುದಿಲ್ಲ. ಸ್ಥಳೀಯ ಸಂಸ್ಥೆಯ ಕಟ್ಟಡಗಳಿಗೆ ಕರ್ನಾಟಕ ಬಾಡಿಗೆ ಅಧಿನಿಯಮ 1999 ಅನ್ವಯಿಸುವುದಿಲ್ಲ, ಅದರ ಬದಲು 1974ರ ಸಾರ್ವಜನಿಕ ಆವರಣಗಳ ಅನಧಿಕೃತ ಅಧಿಭೋಗದಾರರ ತೆರವು ಅಧಿನಿಯಮವಿದೆ. ಸಕ್ಷಮ ಅಧಿಕಾರಿಯು ನೋಟಿಸ್ ನೀಡಿ, ವಿವರಣೆ ಕೇಳಿ, ಅಹವಾಲು ಆಲಿಸಿ ಆದೇಶ ಮಾಡುತ್ತಾರೆ. ಮೇಲ್ಮನವಿ ಜಿಲ್ಲಾ ನ್ಯಾಯಾಧೀಶರ ಮುಂದೆ. ಇದು ಚುರುಕಾದ ದಾರಿ. ಆದರೆ ನೋಟಿಸಿನಲ್ಲಿ ತೆರವಿಗೆ ಕಾರಣ ಬರೆಯದೆ, ಹಾಕಿದ ಆಕ್ಷೇಪಣೆಯನ್ನು ಓದದೆ, ಹಿಂದಿನ ಆದೇಶದ ಪ್ರತಿಯಲ್ಲಿ ಹೆಸರು ಬದಲಿಸಿ ಸಹಿ ಮಾಡಿದರೆ ಮೇಲ್ಮನವಿಯಲ್ಲಿ ಆದೇಶ ರದ್ದಾಗಿ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಅವಸರ ಮಾಡಿದವರೇ ಹೆಚ್ಚು ಕಾಲ ಕಳೆದುಕೊಳ್ಳುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅಲ್ಲದೆ, ಮೂವತ್ತು ವರ್ಷ ಒಂದೇ ಮಳಿಗೆಯಲ್ಲಿ ಹೂವಿನ ವ್ಯಾಪಾರ ಮಾಡಿ ಬಾಡಿಗೆ ಕಟ್ಟುತ್ತ ಬಂದ ಹೆಂಗಸು ಪಾಲಿಕೆಯ ಶತ್ರುವಲ್ಲ. ಗುತ್ತಿಗೆದಾರರು ತೀರಿಕೊಂಡಾಗ ಅವರ ವಾರಸುದಾರರು ಏನು ಮಾಡಬೇಕು, ಹೊಸ ಹರಾಜಿನಲ್ಲಿ ಅವರಿಗೆ ಭಾಗವಹಿಸಲು ಎಷ್ಟು ದಿನ ಮುಂಚೆ ತಿಳಿಸಲಾಗುತ್ತದೆ ಎಂಬುದನ್ನು ಕರಾರಿನಲ್ಲೇ ಸರಳ ಕನ್ನಡದಲ್ಲಿ ಬರೆದಿಡುವುದು ಪಾಲಿಕೆಯ ಹೊಣೆ.

ಬಾಡಿಗೆ ಎಣಿಸುವವರು ಗೋಡೆಯನ್ನೂ ನೋಡಬೇಕು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಉರುಳಿತು. ಹಳೆಯ ಮಾರುಕಟ್ಟೆಗಳಲ್ಲಿ ಬಾಡಿಗೆ ಕಡಿಮೆಯೆಂದು ಪಾಲಿಕೆ ದುರಸ್ತಿಗೆ ಕೈಹಾಕುವುದಿಲ್ಲ, ದುರಸ್ತಿಯಿಲ್ಲವೆಂದು ವ್ಯಾಪಾರಿಗಳು ಹೆಚ್ಚಿನ ಬಾಡಿಗೆಗೆ ಒಪ್ಪುವುದಿಲ್ಲ. ಈ ಬಿಕ್ಕಟ್ಟು ನಮ್ಮ ಅನೇಕ ಊರುಗಳದ್ದು. ಚಾವಣಿ, ತೊಲೆ, ಅಡಿಪಾಯ ಪಾಲಿಕೆಯದು, ರೋಲಿಂಗ್ ಷಟರ್, ಒಳಗಿನ ವೈರಿಂಗ್, ಬಣ್ಣ ಗುತ್ತಿಗೆದಾರರದು ಎಂದು ಕರಾರಿನಲ್ಲಿ ವಿಂಗಡಿಸಿ, ಸಂಗ್ರಹವಾದ ಬಾಡಿಗೆಯ ಒಂದು ಪಾಲನ್ನು ಅದೇ ಕಟ್ಟಡದ ದುರಸ್ತಿಗೆ ಮೀಸಲಿಡದ ಹೊರತು ಅದು ಬಿಡಿಸಿಕೊಳ್ಳುವುದಿಲ್ಲ.

14ನೇ ಮಳಿಗೆಯ ಪ್ರಕರಣದ ನಂತರ ಆ ಕಚೇರಿಯಲ್ಲಿ ನಾವು ಮಾಡಿದ ಕೆಲಸ ದೊಡ್ಡದೇನಲ್ಲ. ಕಡತಗಳನ್ನು ಒಂದೊಂದಾಗಿ ತೆಗೆದು ಅವಧಿ ಮುಗಿಯುವ ದಿನಾಂಕವನ್ನು ಕೆಂಪು ಶಾಯಿಯಲ್ಲಿ ತುಂಬಿದೆವು, ಅದಕ್ಕೆ ಒಂದು ವರ್ಷ ಮೊದಲಿನ ದಿನಾಂಕವನ್ನು ಪಕ್ಕದಲ್ಲೇ ಬರೆದೆವು. ಆ ಒಂದು ವರ್ಷದಲ್ಲಿ ಮೌಲ್ಯಮಾಪನ, ಮಂಜೂರಾತಿ, ಗುತ್ತಿಗೆದಾರರಿಗೆ ತಿಳಿವಳಿಕೆ ಪತ್ರ, ಹರಾಜು ಪ್ರಕಟಣೆ ಎಲ್ಲವೂ ಮುಗಿಯಬೇಕು. ತಡೆಯಾಜ್ಞೆಯ ಸುಳಿವಿದ್ದರೆ ನ್ಯಾಯಾಲಯದಲ್ಲಿ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ನೀಡಬಾರದೆಂಬ ಮುಂಗಡ ಅರ್ಜಿ) ಹಾಕಬೇಕು, ಅದು 90 ದಿನ ಮಾತ್ರ ಚಾಲ್ತಿಯಲ್ಲಿರುವುದರಿಂದ ಮತ್ತೆ ಹಾಕುವ ದಿನವನ್ನೂ ಗುರುತು ಮಾಡಿಕೊಳ್ಳಬೇಕು. ಮಳಿಗೆ ತೆರವಾದ ದಿನ ಇಬ್ಬರು ಪಂಚರ ಮುಂದೆ ಮಹಜರು ಬರೆದು, ವಿದ್ಯುತ್ ಮೀಟರಿನ ರೀಡಿಂಗ್ ದಾಖಲಿಸಿ, ಬೀಗದ ಕೈ ಪಡೆದು, ಬಾಕಿ ಇಲ್ಲದಿದ್ದರೆ ಠೇವಣಿಯನ್ನು ಮೂವತ್ತು ದಿನದೊಳಗೆ ಹಿಂತಿರುಗಿಸಬೇಕೆಂದು ಕೊನೆಗೆ ಸೇರಿಸಿದೆವು. ಠೇವಣಿಯ ಅಂಶಕ್ಕೆ ಲೆಕ್ಕ ವಿಭಾಗದಿಂದ ವಿರೋಧ ಬಂತು. ಕೊಟ್ಟ ಹಣ ವರ್ಷಗಟ್ಟಲೆ ವಾಪಸು ಬರುವುದಿಲ್ಲವೆಂದು ಗೊತ್ತಿರುವ ವ್ಯಾಪಾರಿ ಮುಂದಿನ ಹರಾಜಿನಲ್ಲಿ ಆ ನಷ್ಟವನ್ನು ಕಳೆದೇ ಬಿಡ್ ಕೂಗುತ್ತಾನೆ ಎಂದು ವಿವರಿಸಿದ ಮೇಲೆ ಆಯುಕ್ತರು ಅದಕ್ಕೂ ಸಹಿ ಹಾಕಿದರು.