ತೋಟಕ್ಕೆ ಕರಡಿ ಬಂದ್ರೆ ಚಪ್ಪಾಳೆ ತಟ್ಟಬಹುದಾ?

ಹೋದ ವಾರ ಊರಿನ ವಾಟ್ಸಾಪ್ ಗ್ರೂಪಲ್ಲಿ ಒಂದು ವಿಡಿಯೋ ಓಡಾಡ್ತಾ ಇತ್ತು. ನ್ಯೂಜೆರ್ಸಿಲಿರೋ ನಮ್ಮೂರ ಹುಡುಗಿ ಕಳಿಸಿದ್ದು. ಮನೆ ಹಿಂದೆ ಕಸದ ಡಬ್ಬಿ ಉರುಳಿಸಿಕೊಂಡು ಒಂದು ಕಪ್ಪು ಕರಡಿ ಆರಾಮಾಗಿ ಕೂತಿದೆ, ಇವಳು ಮೇಲಿಂದ ಚಪ್ಪಾಳೆ ತಟ್ಟಿ "ಹೋಗ್ ಹೋಗ್" ಅಂತಾಳೆ, ಅದು ಎದ್ದು ಬೇಲಿ ದಾಟಿ ಹೋಗೇ ಬಿಡತ್ತೆ. ಕೆಳಗೆ ಯಾರೋ ಬರ್ದಿದ್ರು, ನಮ್ಮಲ್ಲಿ ಬಂದ್ರೂ ಹೀಗೇ ಮಾಡಿ ಅಂತ. ನಲವತ್ತು ಜನ ಹೆಬ್ಬೆಟ್ಟು ಒತ್ತಿದ್ರು. ನಾನು ಶಿರಸಿ ಕಡೆ ದನ ಎಮ್ಮೆ ನೋಡ್ಕೊಂಡಿರೋ ಪಶುವೈದ್ಯ, ಅರಣ್ಯ ಇಲಾಖೆಯವರು ಕರೆದ್ರೆ ಕಾಡುಪ್ರಾಣಿ ಕೆಲಸಕ್ಕೂ ಹೋಗ್ತೀನಿ, ಆ ಹೆಬ್ಬೆಟ್ಟುಗಳನ್ನ ನೋಡಿ ನಂಗೆ ರಾತ್ರಿ ನಿದ್ದೆ ಬರ್ಲಿಲ್ಲ.

ನಮ್ಮ ಕರಡಿನೂ ಕಪ್ಪಗೇ ಇರೋದು, ಆದ್ರೆ ಅದು ಅಮೆರಿಕದವರು ಹೇಳೋ ಬ್ಲ್ಯಾಕ್ ಬೇರ್ ಅಲ್ಲ. ನಮ್ಮದು ಸ್ಲಾತ್ ಬೇರ್, ಜಾತಿನೇ ಬೇರೆ. ಜೋಲು ತುಟಿ, ಉದ್ದ ಉಗುರು, ಎದೆ ಮೇಲೆ ಬಿಳಿ ಗುರುತು, ಮೇಲಿನ ಸಾಲಲ್ಲಿ ಮಧ್ಯದ ಎರಡು ಹಲ್ಲು ಇರೋದೇ ಇಲ್ಲ. ಆ ಸಂದಿಯಿಂದಾನೇ ಒರಲೆ ಹುಳ ಎಳ್ಕೊಳೋದು, ಹುತ್ತ ಕೆದರಿ ಮಣ್ಣು ಊದಿ ಜೋರಾಗಿ ಹೀರತ್ತೆ, ಆ ಸದ್ದು ನೂರು ಮೀಟರ್ ಆಚೆಗೂ ಕೇಳ್ಸತ್ತೆ. ಹಂಗೆ ತಿನ್ನೋದ್ರಲ್ಲಿ ಮುಳುಗಿದಾಗ ನೀವು ಹತ್ತಿರ ಬಂದಿದ್ದು ಅದಕ್ಕೆ ಗೊತ್ತೇ ಆಗಲ್ಲ, ಗೊತ್ತಾದಾಗ ಇಬ್ರೂ ಒಟ್ಟಿಗೇ ಬೆಚ್ಚೋದು. ಅಮೆರಿಕದ ಕರಡಿ ಗಾಬರಿಯಾದ್ರೆ ಮರ ಹತ್ತತ್ತೆ ಇಲ್ಲಾ ಓಡತ್ತೆ. ನಮ್ಮದು ಹುಲಿ ಜೊತೆ ಒಂದೇ ಕಾಡಲ್ಲಿ ಬಾಳಿದ್ದು, ಹುಲಿಗೆ ಬೆನ್ನು ತೋರಿಸಿ ಉಳಿಯೋಕಾಗಲ್ಲ, ಅದಕ್ಕೇ ಎದ್ದು ನಿಂತು ಮೈಮೇಲೇ ಬೀಳತ್ತೆ, ಮೊದಲ ಏಟು ಮುಖಕ್ಕೆ. ಜಗತ್ತಲ್ಲಿ ಎಂಟು ಜಾತಿ ಕರಡಿ ಇದಾವೆ, ಮನುಷ್ಯರಿಗೆ ಜಾಸ್ತಿ ಗಾಯ ಮಾಡೋದರಲ್ಲಿ ನಮ್ಮದೇ ಮುಂದೆ. ಸಿಟ್ಟಿನ ಪ್ರಾಣಿ ಅಂತಲ್ಲ, ಪಾಪ, ಹೆದರಿಕೆ ಅದರದ್ದು.

ಹಾಗಾಗಿ ದರಕು (ಉದುರಿದ ಒಣ ಎಲೆ) ಗುಡಿಸೋಕೆ, ಉಪ್ಪಾಗೆ ಹುಳಿಹಣ್ಣು ಹೆಕ್ಕೋಕೆ ಬೆಟ್ಟಕ್ಕೆ ಹೋಗೋರು ಒಬ್ಬೊಬ್ರೇ ಸುಮ್ನೆ ಹೋಗಬಾರದು. ಮಾತಾಡ್ತಾ ಹೋಗಿ, ಮೊಬೈಲಲ್ಲಿ ಯಕ್ಷಗಾನ ಹಾಕ್ಕೊಂಡು ಹೋದ್ರೂ ಆಯ್ತು, ದೂರದಿಂದಲೇ ಸದ್ದು ಕೇಳಿದ್ರೆ ಅದೇ ದಾರಿ ಬಿಡತ್ತೆ. ಎದುರಾಬದುರಾ ಹತ್ತಿರದಲ್ಲಿ ಸಿಕ್ಕಿಬಿಟ್ರೆ ಮಾತ್ರ ಕೂಗಾಡೋದು ಚಪ್ಪಾಳೆ ತಟ್ಟೋದು ಬೇಡ, ನಿಧಾನಕ್ಕೆ ಹಿಂದೆ ಸರೀರಿ. ಮೈಮೇಲೆ ಬಂದೇ ಬಿಡ್ತು ಅಂದ್ರೆ ಬೋರಲು ಮಲಗಿ ಎರಡೂ ಕೈಯಿಂದ ಕುತ್ತಿಗೆ ಹಿಂಭಾಗ ಮುಚ್ಕೊಳಿ. ಮರ ಹತ್ತಿ ಉಪಯೋಗ ಇಲ್ಲ, ಅದೂ ಹತ್ತತ್ತೆ.

ಇನ್ನು, ಯಾವತ್ತೂ ಕಾಣದ ಊರಲ್ಲಿ ಕರಡಿ ಯಾಕೆ ಕಾಣತ್ತೆ ಅನ್ನೋದು. ಜೋಯಿಡಾ, ಹಳಿಯಾಳ, ಯಲ್ಲಾಪುರದವರಿಗೆ ಕರಡಿ ಹೊಸದಲ್ಲ, ಕಾಳಿ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇದೆ. ಘಟ್ಟದ ಕೆಳಗೆ ಕುಮಟಾ ಅಂಕೋಲಾ ಬದಿಯಿಂದ "ಡಾಕ್ಟ್ರೇ, ನಮ್ಮಲ್ಲಿ ಕರಡಿ ಬಂದದೆ" ಅಂತ ಫೋನ್ ಬಂದ್ರೆ ಮಾತ್ರ ನಾನು ಮೊದಲು ಕೇಳೋದು, ಹುತ್ತ ಅಗೆದಿದ್ಯಾ, ಸಗಣಿ ಬಿದ್ದಿದ್ಯಾ, ಅದರಲ್ಲಿ ಬೀಜ ಇದ್ಯಾ ಅಂತ. ನಂಗೆ ಬಂದಿರೋ ಫೋನಲ್ಲಿ ಅರ್ಧಕ್ಕರ್ಧ ಹಂದಿ. ನಿಜವಾಗ್ಲೂ ಕರಡಿನೇ ಆಗಿದ್ರೆ ಬಹಳ ಸಲ ಅದು ದಾರಿಹೋಕ. ಮರಿ ಎರಡು ವರ್ಷದ ಆಸುಪಾಸು ತಾಯಿ ಜೊತೆ ಇದ್ದು ಆಮೇಲೆ ಬೇರೆ ಆಗತ್ತೆ, ಪ್ರಾಯದ ಗಂಡು ತನ್ನ ಜಾಗ ಹುಡುಕ್ತಾ ಹೊರಡತ್ತೆ, ಹಳ್ಳದ ಗುಂಟ ಇಳಿದು ಬರತ್ತೆ. ಹಲಸು ಹಣ್ಣಾದಾಗ, ಕವಳಿ ಹಣ್ಣು, ನೇರಳೆ ಟೈಮಲ್ಲಿ ಹಣ್ಣಿನ ಹಿಂದೆ ಬರೋದೂ ಉಂಟು, ತುಡುವೆ ಜೇನಿನ ಪೆಟ್ಟಿಗೆ ಸಾಲಾಗಿ ಇಟ್ಟಿದ್ರಂತೂ ಕರೆದು ಊಟಕ್ಕೆ ಹಾಕಿದಂಗೆ.

ಅಮೆರಿಕದಲ್ಲೂ ಕಥೆ ಇದೇ. ಮೇ ಜೂನಲ್ಲಿ ತಾಯಿ ಹೋದ ವರ್ಷದ ಮರಿಗಳನ್ನ ಓಡಿಸತ್ತೆ, ಹಂಗೆ ಹೊರಟ ಗಂಡು ಕರಡಿಗಳೇ ಊರೊಳಗೆ ಕಾಣೋದು. 2020ರಲ್ಲಿ ಬ್ರೂನೋ ಅಂತ ಜನರೇ ಹೆಸರಿಟ್ಟ ಒಂದು ಗಂಡು ಕರಡಿ ವಿಸ್ಕಾನ್ಸಿನ್‌ನಿಂದ ಇಲಿನಾಯ್ ದಾಟಿ ಮಿಸ್ಸೌರಿ ತನಕ ನೂರಾರು ಕಿಲೋಮೀಟರ್ ನಡೀತು, ಹಿಂದೆ ಕಾರು ತಗೊಂಡು ನೋಡೋಕೆ ಜನವೋ ಜನ. ಕೊನೆಗೆ ದೊಡ್ಡ ರಸ್ತೆಗಳ ನಡುವೆ ಸಿಕ್ಕಾಕೊಂಡಾಗ ಅರಿವಳಿಕೆ ಕೊಟ್ಟು ಸಾಗಿಸಬೇಕಾಯ್ತು.

ಈಗ ನಮ್ಮ ಜನ ತಕ್ಷಣ ಕೇಳೋದು ಇದೇ, ಗನ್ನಲ್ಲಿ ಅರಿವಳಿಕೆ ಇಂಜೆಕ್ಷನ್ ಹೊಡೀರಿ ಡಾಕ್ಟ್ರೇ ಅಂತ. ಸಿನಿಮಾದಲ್ಲಿ ಸೂಜಿ ಚುಚ್ಚಿದ ಕೂಡ್ಲೇ ಬೀಳತ್ತೆ, ನಿಜದಲ್ಲಿ ಹತ್ತು ಹದಿನೈದು ನಿಮಿಷನೂ ಆಗ್ಬಹುದು. ನಾವು ಹಾಕೋದು ಸಾಮಾನ್ಯವಾಗಿ ಕ್ಸೈಲಜಿನ್, ಕೆಟಮಿನ್ ಅನ್ನೋ ಎರಡು ಮದ್ದು ಸೇರಿಸಿ, ಅದೂ ದೂರದಿಂದ ತೂಕ ಅಂದಾಜು ಮಾಡಿ. ಗಂಡು ನೂರು ಕಿಲೋ ದಾಟಬಹುದು, ಹೆಣ್ಣು ಅರವತ್ತೇ ಇರಬಹುದು, ಆ ಕೂದಲ ರಾಶಿ ಮೇಲೆ ಹೆಂಗೆ ಹೇಳ್ತೀರಿ? ಸುತ್ತ ಇನ್ನೂರು ಜನ ಕೂಗ್ತಾ ಇದ್ರೆ ಪ್ರಾಣಿ ಮೈಯಲ್ಲಿ ಉದ್ರೇಕ ಏರಿ ಮದ್ದು ಸರಿಯಾಗಿ ಹತ್ತೋದೇ ಇಲ್ಲ, ಎರಡನೇ ಡೋಸ್ ಹಾಕಿದ್ರೆ ಜಾಸ್ತಿ ಆಗತ್ತೆ, ಹಾಕ್ದೆ ಇದ್ರೆ ಅರೆಮಂಪರಲ್ಲಿ ಓಡತ್ತೆ. ಓಡೋದು ಎಲ್ಲಿಗೆ? ಕೆರೆ, ಬಾವಿ, ಹೈವೇ. ಬಿದ್ದ ಮೇಲೂ ಕಣ್ಣು ತೆರೆದೇ ಇರತ್ತೆ, ಒಣಗದ ಹಾಗೆ ಮುಲಾಮು ಹಚ್ಚಿ ಬಟ್ಟೆ ಮುಚ್ಚಬೇಕು, ಏಪ್ರಿಲ್ ಬಿಸಿಲಾದ್ರೆ ಮೈಕಾವು ಏರದ ಹಾಗೆ ನೀರು ಹಾಕ್ತಾನೇ ಇರಬೇಕು. ಜನರನ್ನ ಹಿಂದೆ ಕಳಿಸೋಕೆ ಪೊಲೀಸರು ಬರೋ ತನಕ ಗನ್ ಕೈಯಲ್ಲಿ ಹಿಡ್ಕೊಂಡು ಸುಮ್ನೆ ಕೂತು, ಹೆದರುಪುಕ್ಕಲ ಅಂತ ಬೈಸ್ಕೊಂಡಿದ್ದೂ ಇದೆ ನಾನು.

2023ರ ಏಪ್ರಿಲ್‌ನಲ್ಲಿ ಕೇರಳದ ತಿರುವನಂತಪುರ ಹತ್ತಿರ ವೆಳ್ಳನಾಡಲ್ಲಿ ಕರಡಿಯೊಂದು ಬಾವಿಗೆ ಬಿತ್ತು. ಬಲೆ ಹಾಕಿ ಅರಿವಳಿಕೆ ಹೊಡೆದ್ರು, ಬಲೆಯಿಂದ ಜಾರಿ ನೀರಲ್ಲಿ ಮುಳುಗಿ ಸತ್ತೇ ಹೋಯ್ತು. ನೀರಿರೋ ಬಾವಿ ಅಂದಾಗೆಲ್ಲ ನಂಗೆ ಅದೇ ನೆನಪಾಗೋದು.

ಎರಡು ವರ್ಷದ ಹಿಂದೆ ಘಟ್ಟದ ಬುಡದ ಒಂದು ತೋಟದಲ್ಲಿ ಹಂಗೇ ಆಗಿತ್ತು. ಕಟ್ಟೆ ಇಲ್ಲದ ಚಿರೆಕಲ್ಲಿನ ಬಾವಿ, ಒಳಗೆ ಕುತ್ತಿಗೆ ತನಕ ನೀರಲ್ಲಿ ಕಲ್ಲು ಹಿಡ್ಕೊಂಡು ನಿಂತ ಕರಡಿ, ಮೇಲೆ ಇಡೀ ಊರು, ಒಬ್ಬರ ಹೆಗಲ ಮೇಲೆ ಮಗು ಬೇರೆ. ಗನ್ ಜೀಪಲ್ಲೇ ಬಿಟ್ಟೆ. ಕತ್ತಲಾಗೋ ತನಕ ಎಲ್ಲರನ್ನೂ ಮನೆಗೆ ಕಳಿಸೋದೇ ದೊಡ್ಡ ಕೆಲಸ ಆಯ್ತು. ಆಮೇಲೆ ಅಡ್ಡಪಟ್ಟಿ ಹೊಡೆದ ಗಟ್ಟಿ ಮರದ ಏಣಿ ಇಳಿಸಿ, ಲೈಟೆಲ್ಲ ಆರಿಸಿ, ನಾವೂ ದೂರ ಹೋಗಿ ಜೀಪಲ್ಲಿ ಕೂತ್ವಿ. ಸೊಳ್ಳೆ ಕಚ್ಚಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ. ಬೆಳಿಗ್ಗೆ ಏಣಿ ಮೇಲೆ ಉಗುರು ಗೀರು, ಬಾವಿ ಬಾಯಿಯ ಕಲ್ಲಿನ ಮೇಲೆ ಕೆಸರು, ಹೆಜ್ಜೆ ಹಳ್ಳದ ಕಡೆ.

ತೋಟದ ಯಜಮಾನ್ರು ಬಂದು ಬಗ್ಗಿ ನೋಡಿದ್ರು. "ಡಾಕ್ಟ್ರೇ, ಈ ನೀರು ಕುಡೀಬಹುದಾ?"

ಪೂರ್ತಿ ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿ ಅಂದೆ. ಸುತ್ತ ಕಟ್ಟೆನೂ ಕಟ್ಟಿಸಿ ಅಂದೆ. ಪೌಡರ್ ಅವತ್ತೇ ತಂದ್ರು, ಕಟ್ಟೆ ಇನ್ನೂ ಕಟ್ಟಿಲ್ಲ.